ಜವಾರಿ ತೆಗೆದ ಗಿಟಾರು

ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ರೂಢಿ ಇತ್ತು. ಯಾರಾದರೂ ತೀರಿಕೊಂಡರೆ ಹೆಣ ಓಣಿ ದಾಟುವವರೆಗೆ ಮಗ್ಗ ಆಡಬಾರದು. ಇದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಲಾಳಿ ತಾನಾಗಿ ನಿಲ್ಲುತ್ತಿತ್ತು. ಕಾಕಾ ಹೋದ ಸುದ್ದಿ ಕೇಳಿ ನಾನು ಹುಬ್ಬಳ್ಳಿಯಿಂದ ಮೊದಲ ಗಾಡಿ ಹಿಡಿದು ಅದೇ ಓಣಿಗೆ ಬಂದೆ. ಬಂದು ನೋಡಿದರೆ ಎರಡೂ ಬದಿಯ ಮಗ್ಗಗಳು ಖಟಾಖಟ್ ಎಂದು ಬಡಿದುಕೊಳ್ಳುತ್ತಿದ್ದವು. ಒಂದೂ ನಿಂತಿರಲಿಲ್ಲ. ಅವರನ್ನು ಅಂಗಳದಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಇಡೀ ಓಣಿ ಮಾತ್ರ ಏನೂ ಆಗಿಲ್ಲವೆಂಬಂತೆ ಸೀರೆ ನೇಯುತ್ತಿತ್ತು.

ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಎದುರುಮನೆಯ ಬಾಗಿಲಲ್ಲಿ ನಿಂತು, "ನಾಚಿಕಿ ಬರೂದಿಲ್ಲೇನ್ರಿ ನಿಮಗ? ಹೆಣ ಎದುರಿಗಿ ಐತಿ" ಎಂದು ಕೂಗಿದೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಮುದಿ ನೇಕಾರ ತಲೆ ಎತ್ತಿ ನನ್ನ ಬಾಯಿಯನ್ನೇ ನೋಡಿದ. ಮತ್ತೆ ತಲೆ ತಗ್ಗಿಸಿ ಲಾಳಿ ಎಳೆದ. ಅವನ ಗಡ್ಡವೆಲ್ಲ ಕಣ್ಣೀರಿಂದ ಒದ್ದೆಯಾಗಿತ್ತು. ಅಳುತ್ತಲೂ ಇದ್ದಾನೆ, ನೇಯುತ್ತಲೂ ಇದ್ದಾನೆ. ನನಗೆ ತಲೆಬುಡ ತಿಳಿಯದೆ ಅಲ್ಲೇ ನಿಂತುಬಿಟ್ಟೆ. ಆ ಮಾತಿಗೆ ಕೊನೆಗೆ ಬರುತ್ತೇನೆ, ಮೊದಲು ಅವರ ವಿಷಯ ಹೇಳಬೇಕು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಆ ಓಣಿಯವರಿಗೆ ದ್ರೋಹ ಮಾಡಿದ ಹಾಗಾಗುತ್ತದೆ. ಗದಗಿನ ಮಂದಿ ಅವರನ್ನು ತಂಬೂರಿ ಮಿಸ್ತ್ರಿ ಎನ್ನುತ್ತಿದ್ದರು. ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಿಗವ್ವ ಎನ್ನುತ್ತಿದ್ದೆ. ನಮ್ಮೊಳಗೆ ಬಳಗವೇನೂ ಇಲ್ಲ. ನಾನು ಗದಗ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಮುಂಬೈ, ಪುಣೆ ಕಡೆಯಿಂದ ಒಡೆದುಬಂದ ವಾದ್ಯಗಳನ್ನು ಅವರಲ್ಲಿಗೆ ಕಳಿಸಿ ಕಳಿಸಿ ಬಳಕೆಯಾಯಿತು, ಅಷ್ಟೇ.

ಕಾಕಾ ಅವರ ಹುಟ್ಟೂರು ಲಕ್ಷ್ಮೇಶ್ವರ. ಆಗ ಅದು ಮೀರಜ ಸಂಸ್ಥಾನಕ್ಕೆ ಸೇರಿತ್ತು. ಸುತ್ತಲೂ ಇಂಗ್ರೇಜಿಯವರ ಸೀಮೆ, ಒತ್ತಿಗಿದ್ದ ಶಿರಹಟ್ಟಿಗೆ ಸಾಂಗಲಿಯ ರಾಜ, ಇವರಿಗೆ ಮೀರಜದ ರಾಜ. ಅವರ ಅಪ್ಪ ಹೊಲದ ತಂಟೆಯ ಸಲುವಾಗಿ ಮೀರಜದ ಕಚೇರಿಗೆ ತಿರುಗಿದ್ದೇ ತಿರುಗಿದ್ದು. ಹೊಲ ಸಿಗಲಿಲ್ಲ. ಮಗ ಮಾತ್ರ ಆ ಊರಿನ ತಂಬೂರಿ ಮಾಡುವವರ ಓಣಿಯಲ್ಲಿ ಉಳಿದುಕೊಂಡ. "ನಮ್ಮಪ್ಪ ಹೊಲಾ ಕೇಳಾಕ ಹೋಗಿ ನನ್ನ ಕೊಟ್ಟು ಬಂದ" ಎಂದು ಕಾಕಾ ನಗುತ್ತಿದ್ದರು. ಅದನ್ನು ಹೇಳುವಾಗ ಒಮ್ಮೆಯೂ ಅವರಿಗೆ ಬೇಸರವಾದದ್ದನ್ನು ನಾನು ಕಾಣಲಿಲ್ಲ.

ಅವರ ಅಂಗಡಿ ಮೊದಲು ಗದಗಿನೊಳಗೆ ಇತ್ತು. ಗುಡಿಯ ಹಿಂದಿನ ತಣ್ಣನೆಯ ಓಣಿ, ಪಾರಿವಾಳ ರೆಕ್ಕೆ ಬಡಿದರೂ ಕೇಳಬೇಕು. ನಿಜಾಮನ ಸೀಮೆ ಭಾರತಕ್ಕೆ ಸೇರಿತಲ್ಲ, ಅದಾದ ಸ್ವಲ್ಪ ದಿನಕ್ಕೆ ಅವರು ಇದ್ದಕ್ಕಿದ್ದಂತೆ ಅಂಗಡಿ ಎತ್ತಿಕೊಂಡು ಬೆಟಗೇರಿಯ ಮಗ್ಗದ ಓಣಿಗೆ ಬಂದು ಕೂತರು. ತಂಬೂರಿ ಸರಿಮಾಡುವವನು ಮಗ್ಗದ ಗದ್ದಲದ ನಡುವೆ ಬಂದು ಕೂತದ್ದಕ್ಕೆ ಊರೆಲ್ಲ ಬೆರಗಾಯಿತು. ಕೇಳಿದರೆ, "ಮಗ್ಗದ ತಾಳ ತಪ್ಪೂದಿಲ್ಲ, ಹಾಡವ್ರದು ತಪ್ಪತೈತಿ" ಎಂದುಬಿಟ್ಟರು. ಆ ಮಾತು ಊರ ತುಂಬ ಓಡಾಡಿತು. ದೊಡ್ಡ ಕಲಾವಿದರ ವಿಚಿತ್ರ ಸ್ವಭಾವ ಎಂದು ಎಲ್ಲರೂ ಒಪ್ಪಿಕೊಂಡರು.

ವಿಚಿತ್ರ ಎಂದರೆ ಅದೊಂದೇ ಅಲ್ಲ. ಅವರ ಅಂಗಡಿಯಲ್ಲಿ ಬಾಗಿಲಿಗೆ ಎದುರಾಗಿ ಒಂದು ಮಣೆ ಇರುತ್ತಿತ್ತು. ಯಾರೇ ಬರಲಿ, ದೇಸಾಯರೇ ಬರಲಿ, "ಬೆಳಕಿಗಿ ಕುಂಡ್ರಿ" ಎನ್ನುತ್ತಿದ್ದರು. ಮುಖಕ್ಕೆ ಬಿಸಿಲು ಬಡಿಯುತ್ತದೆ ಎಂದು ಯಾರಾದರೂ ಪಕ್ಕಕ್ಕೆ ಸರಿದರೆ ಅವರ ವಾದ್ಯವನ್ನು ಮುಟ್ಟುತ್ತಿರಲಿಲ್ಲ. ಮಗ್ಗದವರಿಗೆ ಬಿಡುವಿದ್ದ ಅಮಾವಾಸ್ಯೆಯ ದಿನ ಇವರ ಅಂಗಡಿಯೂ ಬಂದ್. ನೇಕಾರರು ಮಧ್ಯಾಹ್ನ ರೊಟ್ಟಿಗೆ ಎದ್ದರೆ ಇವರೂ ಬಾಗಿಲು ಮುಂದೆ ಮಾಡಿ ಏಳುತ್ತಿದ್ದರು. ಇನ್ನೊಂದು, ತಂಬೂರಿಯ ತಂತಿ ಮೀಟಿ, ಅದರ ದಂಡಿಯ ತುದಿಯನ್ನು ಹಲ್ಲಿನಿಂದ ಕಚ್ಚಿ ಕಣ್ಣು ಮುಚ್ಚುತ್ತಿದ್ದರು. ಅದನ್ನು ಕಂಡ ಗದಗಿನ ಹಾಡುಗಾರರು ತಾವೂ ತಂಬೂರಿ ಕೊಳ್ಳುವಾಗ ಕಚ್ಚಿ ನೋಡತೊಡಗಿದರು. ಒಬ್ಬರಂತೂ ಹೊಸ ತಂಬೂರಿಯ ಮೇಲೆ ಹಲ್ಲಿನ ಗುರುತು ಬೀಳಿಸಿ ಅಂಗಡಿಯವನ ಜೊತೆ ಜಗಳವನ್ನೇ ತೆಗೆದಿದ್ದರು.

ಚಿಗವ್ವ ಯಾವಾಗಲೂ ಅವರೆದುರು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದಳು. ತಂಬೂರಿಯ ಕುದುರೆ ಎಂದರೆ ತಂತಿ ಹಾಯುವ ಅಗಲವಾದ ಎಲುಬಿನ ಪಟ್ಟಿ. ತಂತಿ ಅದರ ಬೆನ್ನಿಗೆ ಕೂದಲೆಳೆಯಷ್ಟು ತಾಗಿ ಹಾಯ್ದರೆ ದನಿ ಅರಳಿ ಝೇಂಕರಿಸುತ್ತದೆ. ಹಾಗೆ ಆಗುವಂತೆ ಎಲುಬನ್ನು ಉಜ್ಜುವುದಕ್ಕೆ ಜವಾರಿ ತೆಗೆಯುವುದು ಎನ್ನುತ್ತಾರೆ. ಕಾಕಾ ಒಂದೊಂದು ಸಲ ಉಜ್ಜಿ, ಒಂದೊಂದು ಸಲ ಮೀಟಿ, ಹೆಂಡತಿಯ ಕಡೆ ನೋಡುತ್ತಿದ್ದರು. ಇಷ್ಟು ವಯಸ್ಸಾದರೂ ಹೆಂಡತಿಯನ್ನು ನೋಡುವ ಹುರುಪು ಹೋಗಿಲ್ಲ ಎಂದು ನಾನು ಚೇಷ್ಟೆ ಮಾಡಿದ್ದೆ. ಇಬ್ಬರೂ ನಕ್ಕಿದ್ದರು.

ಈಗ ಗಿಟಾರಿನ ವಿಷಯ. ನಮ್ಮ ಸ್ಟೇಷನ್ನಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಗಾರ್ಡ್ ಇದ್ದರು. ಡ್ಯೂಟಿ ಮುಗಿದ ಮೇಲೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಗಿಟಾರು ಬಾರಿಸುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅವರಿಗೆ ಗುಂತಕಲ್ಲಿಗೆ ವರ್ಗವಾಯಿತು. ಆ ಹೊತ್ತಿಗೆ ನಮ್ಮ ಬೇಸಿಗೆಗೆ ಗಿಟಾರಿನ ಎದೆ ಸೀಳು ಬಿಟ್ಟಿತ್ತು. "ಬನವಾಕೇ ರಖೋ ಬಾಬು, ಮೈ ಆವುಂಗಾ" ಎಂದರು. ರಿಪೇರಿ ಮಾಡಿಸಿ ಇಡು, ಬರುತ್ತೇನೆ ಎಂದು ನನ್ನ ಕೈಗೆ ಕೊಟ್ಟು ಹೋದರು. ಬರಲಿಲ್ಲ. ಗಿಟಾರು ನನ್ನ ಮನೆಯ ಅಟ್ಟದ ಮೇಲೆ ಕೂತಿತು. ವರ್ಷಗಳ ಮೇಲೆ, ಏಕೀಕರಣದ ಮಾತು ಎಲ್ಲರ ಬಾಯಲ್ಲಿದ್ದಾಗ, ಗುಂತಕಲ್ಲಿನಿಂದ ಬಂದ ಡ್ರೈವರ್ ಒಬ್ಬ ಸುದ್ದಿ ತಂದ. ಗಾರ್ಡ್ ತೀರಿಕೊಂಡಿದ್ದಾರೆ. ಮಗಳು ದೇಶ ಬಿಟ್ಟು ಹೊರಟಿದ್ದಾಳೆ. ಹಡಗು ಹತ್ತಲು ಮುಂಬೈಗೆ ಹೋಗುವಾಗ ಗದಗಿನಲ್ಲಿ ಗಾಡಿ ನಿಲ್ಲುತ್ತದಲ್ಲ, ಆಗ ಅಪ್ಪನ ಗಿಟಾರು ಬೇಕಂತೆ.

ಬೆಟಗೇರಿಗೆ ಒಯ್ದು ಕೊಟ್ಟೆ. ಕಾಕಾ ಅದನ್ನು ಸಂತೆಯಲ್ಲಿ ಎತ್ತು ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ತೂತಿನೊಳಗೆ ಸಣ್ಣ ಕನ್ನಡಿ ಇಳಿಬಿಟ್ಟು ಬೆಳಕು ಹಾಯಿಸಿದರು. ಹೊಟ್ಟೆಯ ಮೇಲೆಲ್ಲ ಬೆರಳಿನಿಂದ ತಟ್ಟಿ, "ಒಳಗಿನ ಎರಡು ಪಟ್ಟಿ ಬಿಟ್ಟಾವ. ಹಂಗಾಗಿ ಎದಿ ಕುಸದೈತಿ. ಮರ ಭಾಳ ಹಳೇದು, ಚಲೋ ಒಣಗಿದ್ದು, ಇಂಥದ್ದು ಈಗ ಸಿಗೂದಿಲ್ಲ" ಎಂದರು. ಕತ್ತಿನ ಹಿಂದೆ ಕೈಯಾಡಿಸಿ, "ಬಾರಿಸಾಂವ ಎಡಗೈಯಾಗ ಉಂಗರ ಹಾಕ್ತಿದ್ದ. ಸಿಗರೇಟ್ ಸೇದಿ ಈ ತಂತಿ ತುದಿಗೆ ಸಿಗಸ್ತಿದ್ದ, ನೋಡು ಸುಟ್ಟೈತಿ. ಮತ್ತ ಅಂವಗ ಒಂದಽ ಹಾಡು ಬರತಿತ್ತು" ಎಂದರು.

ನಾನು ಬೆಚ್ಚಿಬಿದ್ದೆ. ಎಲ್ಲವೂ ಖರೆ. ಗಾರ್ಡ್ ಸಾಹೇಬರು ದಿನಾ ಬಾರಿಸುತ್ತಿದ್ದದ್ದು ಒಂದೇ ಹಾಡು, ಕ್ವಾರ್ಟರ್ಸಿನವರಿಗೆಲ್ಲ ಕೇಳಿ ಕೇಳಿ ಸಾಕಾಗಿತ್ತು.

"ಅದು ನಿಮಗ ಹೆಂಗ ಗೊತ್ತಾತ್ರಿ ಕಾಕಾ?"

"ಬೆರಳು ಒತ್ತೂ ಹಿತ್ತಾಳಿ ಪಟ್ಟಿ ನೋಡು. ಇಲ್ಲಿ, ಇಲ್ಲಿ, ಮತ್ತ ಇಲ್ಲಿ ಅಷ್ಟಽ ಸವದಾವ. ಉಳದದ್ದು ಹೊಸಾದು ಇದ್ದಂಗ ಐತಿ."

ಬಿಸಿ ಸರೇಸಿನ ಅಂಟು ಹಚ್ಚಿ ಒಳಗಿನ ಪಟ್ಟಿಗಳನ್ನು ಕೂಡಿಸಿದರು. ಸೀಳಿಗೆ ಅದೇ ಬಣ್ಣದ ಕಟ್ಟಿಗೆಯ ಎಳೆ ಸೇರಿಸಿದರು. ಹೊರಗಿಂದ ಬಟ್ಟೆ ಸುತ್ತಿ, ಮೇಲೆ ಕಲ್ಲು ಹೇರಿ ಒಣಗಲು ಬಿಟ್ಟರು. ತಂತಿ ಹಾಯುವ ಎಲುಬು ಪುಡಿಯಾಗಿತ್ತು, ಅದನ್ನು ಹೊಸದಾಗಿ ಮಾಡುವುದೊಂದು ಬಾಕಿ. ಅಷ್ಟರಲ್ಲಿ ಚಿಗವ್ವ ಮಗಳ ಬಾಣಂತನಕ್ಕೆ ಶಿಗ್ಲಿಗೆ ಹೋದಳು. "ಅಕಿ ಬರಲಿ, ಬಂದ ಮ್ಯಾಲ ಮುಗಸೋಣು" ಎಂದು ಕಾಕಾ ಕೆಲಸ ಎತ್ತಿಟ್ಟರು. ಗಾಡಿ ಬರುವ ದಿನ ಹತ್ತಿರ ಬಂದಿತ್ತು. ಚಿಗವ್ವ ಇಲ್ಲದಿದ್ದರೆ ಎಲುಬು ಉಜ್ಜಲು ಏನು ಅಡ್ಡಿ ಎಂದು ನಾನು ಬೆನ್ನು ಹತ್ತಿದೆ. ಒಪ್ಪಿದರು. ನಾನು ಹೊರಗೆ ಬಂದು, ಸೈಕಲ್ ಹತ್ತುತ್ತ, ನೆನಪಾಗಿ ಕೂಗಿ ಹೇಳಿದೆ: "ಕಾಕಾ, ಇದಕ್ಕ ಜವಾರಿ ತಗೀಬ್ಯಾಡ್ರಿ. ಗಿಟಾರಿನ ದನಿ ಸಾಫ್ ಇರಬೇಕು." ತಿರುಗಿ ನೋಡಿದಾಗ ಅವರು ತಲೆ ಆಡಿಸುತ್ತಿದ್ದರು.

ಏಕೀಕರಣದ ದಿನ ಗಿಟಾರು ತರಲು ಹೋದೆ. ಮರುದಿನ ಗಾಡಿ. ಓಣಿಯ ಇಬ್ಬರು ನೇಕಾರ ಹುಡುಗರು ಬಾಗಿಲಲ್ಲಿ ನಿಂತು, ಸಾಹೇಬರ ತಂಬೂರಿ ಹೇಗಿರುತ್ತದೆ ನೋಡೋಣ ಎಂದು ಕಾಯುತ್ತಿದ್ದರು. ಗಿಟಾರು ಹೊಸ ಮದುಮಗಳ ಹಾಗೆ ಥಳಥಳಿಸುತ್ತಿತ್ತು. ಖುಷಿಯಾಗಿ ಒಂದು ತಂತಿ ಮೀಟಿದೆ.

ಝಂಯ್ ಎಂದಿತು. ಎಲುಬು ಬೆರಳಗಲ ಇತ್ತು, ತಂಬೂರಿಯದರ ಹಾಗೆ ಬೆನ್ನು ಉಬ್ಬಿಸಿ ಉಜ್ಜಿದ್ದರು, ತಂತಿಯ ಕೆಳಗೆ ರೇಶಿಮೆಯ ಎಳೆ ಕೂಡ ಸಿಕ್ಕಿಸಿದ್ದರು. ಎಲ್ಲ ತಂತಿಯೂ ಹಾಗೇ. ನಮ್ಮ ಕಡೆ ಜವಾರಿ ಎಂದರೆ ಊರಿನದು, ದೇಶಿ ಎಂದೂ ಅರ್ಥ ಇದೆಯಲ್ಲ, ಜವಾರಿ ಕೋಳಿ, ಜವಾರಿ ಬದನೆಕಾಯಿ. ಬಾಗಿಲಲ್ಲಿದ್ದ ಒಬ್ಬ ಹುಡುಗ, "ಸಾಹೇಬ್ರು ಹೋದ್ರು, ಅವರ ತಂಬೂರಿ ಜವಾರಿ ಆತ್ ನೋಡ್ರಿ" ಎಂದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕಾಕಾ ಅವರ ಮುಖ ನೋಡಿದರು, ತಾವೂ ನಕ್ಕರು.

ನಾನು ಹೇಳಿದ್ದೇನು, ಅವರು ಮಾಡಿದ್ದೇನು. ಸಿಟ್ಟು ನೆತ್ತಿಗೇರಿತು. "ಬ್ಯಾಡಂತ ಹೇಳಿದ್ನಲ್ಲರಿ ಕಾಕಾ" ಎಂದು ಒದರಿದೆ. ಅವರು ನನ್ನ ಕೈಯಿಂದ ಗಿಟಾರು ತೆಗೆದುಕೊಂಡು, ಮೀಟಿ, ತಲೆಯ ಭಾಗವನ್ನು ಕಚ್ಚಿ ಕಣ್ಣು ಮುಚ್ಚಿದರು. ಅದೇ ಹೊತ್ತಿಗೆ ಮೆರವಣಿಗೆಗೆ ಕರೆಯುವ ಮಂದಿ ಓಣಿಗೆ ನುಗ್ಗಿದರು. ಬಾಗಿಲಿಂದ ಬಾಗಿಲಿಗೆ ಹೋಗಿ, ಇವತ್ತು ಕೆಲಸ ಸಾಕು, ಕರ್ನಾಟಕ ಒಂದಾಯಿತು ಎಂದು ಎಲ್ಲರನ್ನೂ ಎಬ್ಬಿಸಿದರು. ಬಾಗಿಲಲ್ಲಿದ್ದ ಹುಡುಗರೂ ಓಡಿದರು. ಒಂದೊಂದೇ ಮಗ್ಗ ನಿಂತು, ಓಣಿ ಗಪ್ಪಾಯಿತು. ಜೈಕಾರ ದೂರ ಸರಿಯಿತು.

ಕಾಕಾ ಕಣ್ಣು ತೆರೆದರು. ತೆರೆದವರೇ ಗಂಟಲು ಹರಿಯುವ ಹಾಗೆ ಕೂಗಿದರು: "ಏನ್ ಕಡಿಮಿ ಆಗೇತಿ ಇದಕ್ಕ ಹೇಳು! ನೀ ತಂದಾಗ ಸತ್ತಂಗ ಇತ್ತು! ಈಗ ಜೀವ ಬಂದೈತಿ, ನನ್ನ ಹಲ್ಲಿಗೆ ಬಡಿಯಾಕತ್ತೈತಿ!"

ಒಂದು ಸೂಜಿ ಬಿದ್ದರೂ ಕೇಳುವ ಓಣಿ. ಅದರಲ್ಲಿ ಅವರೊಬ್ಬರೇ, ಎರಡು ಸಾಲು ಮಗ್ಗದ ಗದ್ದಲವನ್ನು ಮೀರಿಸುವಂತೆ ಅರಚುತ್ತಿದ್ದರು. ಹೊರಗೆ ಕಟ್ಟಿದ್ದ ಆಡು ಬೆದರಿ ಹಗ್ಗ ಜಗ್ಗಿತು. ಅವರು ಎಲುಬಿನ ಕಡೆ ಬಗ್ಗಿದಾಗ ನಾನು ಸಹಜ ದನಿಯಲ್ಲಿ, "ಕಾಕಾ" ಎಂದೆ. ಮತ್ತೆ, "ಕಾಕಾ" ಎಂದೆ. ತಲೆ ಎತ್ತಲಿಲ್ಲ. ಏನೋ ಗೊಣಗುತ್ತ ಎಲುಬನ್ನು ಸವರುತ್ತಿದ್ದರು. ಬಹಳ ಹೊತ್ತಿನ ಮೇಲೆ ನನ್ನ ಮುಖ ನೋಡಿದರು. ಅದರಲ್ಲಿ ಏನು ಕಂಡಿತೋ, ಅವರ ಬಾಯಿ ಹಾಗೇ ನಿಂತಿತು. ಕೈಯನ್ನು ನೆಲಕ್ಕೆ ಊರಿ ನೋಡಿದರು.

"ಮಗ್ಗ ನಿಂತಾವೇನು ತಮ್ಮಾ?"

ನಾನು ತಲೆಯಾಡಿಸಿದೆ.

ಆಮೇಲೆ ಅವರು ಮಾತಾಡಿದ್ದು ಎಷ್ಟು ಸಣ್ಣ ದನಿಯಲ್ಲಿ ಎಂದರೆ ಬಾಯಿಗೆ ಕಿವಿ ಹಚ್ಚಿ ಕೇಳಬೇಕಾಯಿತು. ತಮ್ಮ ದನಿ ಎಷ್ಟಿದೆ ಎಂಬುದು ಅವರಿಗೇ ತಿಳಿಯುತ್ತಿರಲಿಲ್ಲ. "ನಿಜಾಮನ ಸೀಮಿ ಸೇರಿದ ದಿನ ನಾ ಮುಂಡರಗ್ಯಾಗ ಇದ್ದೆ. ರಜಾಕಾರರ ಮ್ಯಾಲ ಹೋರಾಡೋ ಗಡಿ ಶಿಬಿರದ ಹುಡುಗರ ಬಾಜಾಪೇಟಿ ಕೆಟ್ಟಿತ್ತು, ರಿಪೇರಿಗೆ ಹೋಗಿದ್ದೆ. ಸುದ್ದಿ ಬಂದಕೂಡ್ಲೇ ಕಬ್ಬಿಣದ ಕೊಳವಿಗೆ ಮದ್ದು ತುಂಬಿ ಹಾರಸಿದ್ರು, ನನ್ನ ಮಗ್ಗಲಾಗಽ. ಕಣ್ಣು ಬಿಟ್ಟು ನೋಡ್ತೀನಿ, ಎಲ್ಲಾರೂ ಕುಣ್ಯಾಕತ್ತಾರ, ಬಾಯಿ ತೆರದು ನಗಾಕತ್ತಾರ, ಸಪ್ಪಳನಽ ಇಲ್ಲ. ಅಂಥಾ ದಿನ ನನ್ನ ಕಿವಿ ಹೋದ್ವು ಅಂತ ಯಾರಿಗೆ ಹೇಳ್ಲಿ? ನಾನೂ ನಕ್ಕೆ."

"ಮತ್ತ ಇಷ್ಟ ವರ್ಷ ತಂಬೂರಿ?"

"ಅಕಿ ಇದ್ದಾಳಲ್ಲ. ಅಕಿಗೆ ಸಂಗೀತ ಬರೂದಿಲ್ಲ. ಆದರ ನನ್ನ ಕೈಯಾಗಿನ ತಂಬೂರಿ ಮೊದಲ ಹೆಂಗ ಮಾತಾಡ್ತಿತ್ತು ಅನ್ನೂದು ಅಕಿ ಕಿವ್ಯಾಗ ಐತಿ. ದನಿ ಕೂಡಿದಕೂಡ್ಲೇ ಅಕಿ ಮೊರ ನಿಲ್ಲತೈತಿ. ನಾ ಉಜ್ಜೂದು ನಿಲ್ಲಸ್ತೀನಿ." ಗಿಟಾರಿನ ಎಲುಬು ಸವರುತ್ತ, "ಕಿವಿ ಇಲ್ಲದ ತಂಬೂರಿ ಮಿಸ್ತ್ರಿ ಅಂದ್ರ ಯಾರ್ ಬರತಾರ ತಮ್ಮಾ? ಮಗ್ಗದ ಗದ್ದಲದಾಗ ಎಲ್ಲಾರೂ ಒದರತಾರ, ನನ್ನದೂ ಅದರಾಗ ಮುಚ್ಚಿ ಹೋಗತೈತಿ. ಕೈ ಇನ್ನೂ ಗಟ್ಟಿ ಅದಾವ" ಎಂದರು.

ಆ ಮೊರವನ್ನು ನಾನು ಎಷ್ಟು ಸಲ ನೋಡಿದ್ದೆ. ಇಡೀ ಗದಗಿನ ಸಂಗೀತ ಆ ಜೋಳದ ಮೊರದ ಮೇಲೆ ನಿಂತಿತ್ತು. ನಾನು ಅದನ್ನು ನೋಡಿ ಚೇಷ್ಟೆ ಮಾಡಿದ್ದೆ. ದುಃಖ ಆಮೇಲೆ ಬಂತು. ಆ ಹೊತ್ತಿಗೆ ಗಾಬರಿ ಬಿಟ್ಟು ನನ್ನೊಳಗೆ ಬೇರೇನೂ ಇರಲಿಲ್ಲ.

ಶಿಗ್ಲಿಗೆ ಹೋಗಿಬರುವಷ್ಟು ಹೊತ್ತು ಉಳಿದಿರಲಿಲ್ಲ. ನಾನೇ ಎದ್ದು ಬಾಗಿಲು ಮುಂದೆ ಮಾಡಿದೆ. ಗೋಡೆಗೆ ತೂಗುಹಾಕಿದ್ದ ಮೊರ ತೆಗೆದು, ಜೋಳ ಸುರಿದುಕೊಂಡು, ಚಿಗವ್ವನ ಜಾಗದಲ್ಲಿ ಕೂತೆ. ಕಾಕಾ ನನ್ನನ್ನೇ ನೋಡಿದರು. ಎಲುಬು ಬಿಚ್ಚಿ, ಉಬ್ಬನ್ನು ಇಳಿಸಿ, ಅದನ್ನು ಸಪೂರ ಮಾಡುತ್ತ ಬಂದರು. ಒಮ್ಮೆ ಉಜ್ಜಿ ಒಮ್ಮೆ ಮೀಟುವುದು, ನನ್ನ ಕೈ ನೋಡುವುದು. ಜೋಳ ಹಾರಿಸಲು ನನಗೆ ಬರುತ್ತದೆಯೇ? ಅರ್ಧ ಕಾಳು ನೆಲದ ಮೇಲೆ, ಉಳಿದದ್ದು ನನ್ನ ತೊಡೆಯ ಮೇಲೆ. ಆದರೂ ಗಾರ್ಡ್ ಸಾಹೇಬರ ಗಿಟಾರಿನ ಹಳೆಯ ದನಿ ಬಂದಾಗಲೆಲ್ಲ ಕೈ ತಾನಾಗಿ ನಿಂತಿತು. ಕೊನೆಯ ದಪ್ಪ ತಂತಿಯ ಹೊತ್ತಿಗೆ ಮೆರವಣಿಗೆ ಜಯಘೋಷ ಮಾಡುತ್ತ ಓಣಿಗೆ ತಿರುಗಿ ಬಂತು. ಬೆದರಿ, ದನಿ ಸಾಫ್ ಆಗುವ ಮೊದಲೇ ನನ್ನ ಕೈ ನಿಂತಿತು. ಅದೊಂದು ತಂತಿಯಲ್ಲಿ ಜವಾರಿ ಸ್ವಲ್ಪ ಉಳಿದುಕೊಂಡಿತು.

ಮರುದಿನ ಕಾಕಾ ಕೂಡ ಸ್ಟೇಷನ್ನಿಗೆ ಬಂದರು. ಗಾರ್ಡರ ಮಗಳು ಕಿಟಕಿಯಿಂದ ಕೈ ಚಾಚಿ ಗಿಟಾರು ತೆಗೆದುಕೊಂಡಳು. ಸೀಳಿದ್ದ ಜಾಗ ಹುಡುಕಿದಳು, ಸಿಗಲಿಲ್ಲ. ಬಾರಿಸಿದಳು. ಅದೇ ಹಾಡು. ಕಾಕಾ ಕಿಟಕಿಯ ಕಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತಿದ್ದರು. ದಪ್ಪ ತಂತಿ ಸಣ್ಣಗೆ ಝೇಂಕರಿಸಿದಾಗ ಹುಡುಗಿ ಬೆರಳು ತಡೆದು, ಮತ್ತೊಮ್ಮೆ ಮೀಟಿ ಕೇಳಿದಳು. ಇನ್ನೊಂದು ಸ್ವಲ್ಪ ಉಜ್ಜಿದರೆ ಹೋಗುತ್ತದೆ ಎಂದು ನಾನು ತಡವರಿಸಿದೆ. "ರೆಹ್ನೇ ದೋ ಅಂಕಲ್, ಯಹಾಂ ಕಾ ಹೈ" ಎಂದಳು, ಇರಲಿ ಬಿಡಿ, ಇದು ಇಲ್ಲಿಯದು ಎಂದು. ಗಾಡಿ ಹೊರಟ ಮೇಲೆ ಕಾಕಾ ನನ್ನ ಭುಜ ಹಿಡಿದು ಬೆಳಕಿಗೆ ತಿರುಗಿಸಿದರು.

"ಅದಽ ಹಾಡು ಏನು?"

"ಅದಽ ರಿ ಕಾಕಾ" ಎಂದೆ, ತುಟಿ ಬಿಡಿಸಿ.

ಆಮೇಲೆ ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಅವರ ಗುಟ್ಟನ್ನು ನನ್ನ ಹೆಂಡತಿಗೂ ಹೇಳಲಿಲ್ಲ. ಚಿಗವ್ವನನ್ನು ಬಿಟ್ಟರೆ ಅದು ನನಗೊಬ್ಬನಿಗೇ ಗೊತ್ತು ಎಂಬ ಹೆಮ್ಮೆ ನನ್ನಲ್ಲಿತ್ತು. ಆ ಹೆಮ್ಮೆ ಇಟ್ಟುಕೊಂಡೇ, ಮಗ್ಗ ಬಡಿಯುತ್ತಿದ್ದ ಆ ಓಣಿಯಲ್ಲಿ ನಿಂತು, ಅಳುವ ಮುದುಕನಿಗೆ ನಾಚಿಕೆ ಇಲ್ಲವೇ ಎಂದು ಕೇಳಿದ್ದೆ.

ಚಿಗವ್ವ ಎದ್ದು ಬಂದು ನನ್ನ ತೋಳು ಹಿಡಿದಳು. "ಬೈಬ್ಯಾಡ ತಮ್ಮಾ. ನಿಲ್ಲಸಬ್ಯಾಡ್ರಿ ಅಂತ ನಾನಽ ಹೇಳೀನಿ."

ಮುದುಕ ಕುಣಿಯಿಂದಲೇ, ಕೈ ಬಿಡದೆ ಹೇಳಿದ: "ಮಗ್ಗದ ಓಣ್ಯಾಗ ಅರ್ಧಾ ಮಂದಿಗೆ ಕಿವಿ ಮಂದ ಇರತಾವ್ರಿ. ಬಾಯಿ ನೋಡಿ ಮಾತಾಡೂದು ನಮಗ ಗೊತ್ತಿಲ್ಲೇನು? ಅವ್ರು ಬಂದ ಎಂಟ ದಿನಕ್ಕ ಓಣಿಗೆಲ್ಲಾ ತಿಳೀತು. ಅಂಗಡಿಗಿ ಹೊಸಾ ಮಂದಿ ಬಂದ್ರ ಸಾಕು, ರೊಟ್ಟಿ ತಿನ್ನಾಕ ಕುಂತಾವ್ರೂ ಎದ್ದು ಬಂದು ಬರೇ ಮಗ್ಗ ಬಡಿತಿದ್ವಿ. ನೂಲಿಲ್ಲದ ದಿನಾನೂ ಬಡದೀವಿ. ಆ ಏಕೀಕರಣದ ದಿನ ಒಂದು ಮೈಮರತ್ವಿ ನೋಡ್ರಿ. ಇವತ್ತ ಮತ್ತ ಹೆಂಗ ನಿಲ್ಲಸೂದ್ರಿ?"

ನಾನು ಅವನೆದುರು ಬಗ್ಗಿ ಕೇಳಿದೆ: "ಇದು ಕಾಕಾಗ ಗೊತ್ತಿತ್ತೇನು?"

"ಗೊತ್ತಾಗಬಾರದಂತನಽ ಬಡದದ್ದು" ಎಂದ ಮುದುಕ.

ಹೆಣ ಎತ್ತುವ ಹೊತ್ತಾಯಿತು. ಹೆಗಲು ಕೊಡಲು ಪಕ್ಕದ ಮನೆಯ ನೇಕಾರ ಕುಣಿಯಿಂದ ಎದ್ದುಹೋದ. ಅವನ ಮಗ್ಗವೊಂದು ನಿಂತಿತು. ನಾನು ಕೋಟು ಕಳಚಿಟ್ಟು ಅವನ ಕುಣಿಯಲ್ಲಿ ಕಾಲು ಇಳಿಬಿಟ್ಟೆ. ನನಗೆ ನೇಯಲು ಬರುವುದಿಲ್ಲ. ನೂಲು ಬಡಿಯುವ ಹಲಗೆಯನ್ನು ಎರಡೂ ಕೈಯಿಂದ ಹಿಡಿದು ಬಡಿದೆ. ಬಾಗಿಲಲ್ಲಿ ನಿಂತಿದ್ದ ಚಿಗವ್ವ ನನ್ನ ಕಡೆ ತಿರುಗಿದಳು. ಅವಳು ಹೇಳಿದ್ದು ಗದ್ದಲದಲ್ಲಿ ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ.

"ಇನ್ನೊಂಚೂರು ಜೋರ್ಲೆ ಬಡಿ ತಮ್ಮಾ, ಓಣಿ ದಾಟೂತನಕ."